ಕಡಲ ಹೊತ್ತು ನೋಡಿಕೊಂಡು ಹೊರಡಿ

ಕದ್ರಿ, ಮಂಗಳೂರು
ನವೆಂಬರ್ ಕೊನೆಯ ವಾರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಬರುತ್ತೀ ಎಂದು ತಿಳಿದ ದಿನದಿಂದ ನಿನ್ನ ದೊಡ್ಡಮ್ಮನ ಬಾಯಲ್ಲಿ ಬೇರೆ ಮಾತಿಲ್ಲ. ಡಿಸೆಂಬರ್ ಎರಡನೇ ವಾರ ಮೂವರು ಗೆಳತಿಯರ ಜೊತೆ ಮೂರು ದಿನ ಕರಾವಳಿ ಸುತ್ತುವುದೆಂದು ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಸಾವಕಾಶವಾಗಿ ಓದಿದೆ. ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ, ಆಗುಂಬೆ, ಕುದುರೆಮುಖ. ಊರಿನ ಹೆಸರುಗಳನ್ನು ಕಂಡೇ ಖುಷಿಯಾಯಿತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ನಮ್ಮ ಕಡೆಯ ಇಷ್ಟೊಂದು ಜಾಗಗಳ ಆಸೆ ಇದೆಯಲ್ಲ ಎಂದು. ಆದರೆ ಆ ಪಟ್ಟಿ ಹಿಡಿದು ಹೊರಟರೆ ನೀವು ನೋಡುವುದು ಹೆದ್ದಾರಿಯನ್ನು ಮಾತ್ರ. ಮಂಗಳೂರಿನಿಂದ ಗೋಕರ್ಣಕ್ಕೆ 230 ಕಿಲೋಮೀಟರಿಗೂ ಹೆಚ್ಚು ದೂರ ಉಂಟು. ಹೋಗಿ ಬರುವುದರಲ್ಲೇ ಒಂದು ದಿನ ಮುಗಿಯುತ್ತದೆ. ಆಗುಂಬೆಗೆ ಘಾಟಿ ಹತ್ತಬೇಕು, ಕುದುರೆಮುಖದ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆಂದು ಕಾಗದ ಬರೆಯುತ್ತಿದ್ದೇನೆ. ನಾಲ್ವರೂ ಕೂತು ಓದಿ.

ನನ್ನ ಮಾತು ಇಷ್ಟೇ: ಕಡಲ ಊರಿಗೆ ತನ್ನದೇ ಆದ ಹೊತ್ತುಗಳಿವೆ. ಬೆಳಿಗ್ಗೆ ಮೀನಿನ ಹೊತ್ತು, ಮಧ್ಯಾಹ್ನ ನೆರಳಿನ ಹೊತ್ತು, ಸಂಜೆ ತೀರದ ಹೊತ್ತು, ರಾತ್ರಿ ಯಕ್ಷಗಾನದ ಆಟದ ಹೊತ್ತು. ಜಾಗಗಳ ಪಟ್ಟಿ ಮಾಡಿ ಅವಕ್ಕೆ ಗಂಟೆ ಹಂಚುವ ಬದಲು ಈ ಹೊತ್ತುಗಳನ್ನು ಮುಂದಿಟ್ಟುಕೊಂಡು ಯಾವ ಹೊತ್ತಿಗೆ ಎಲ್ಲಿರಬೇಕೆಂದು ಲೆಕ್ಕ ಹಾಕಿ. ಆಗ ಮೂರು ದಿನ ಧಾರಾಳ ಸಾಕಾಗುತ್ತದೆ. ಆಯಾಸವೂ ಆಗುವುದಿಲ್ಲ.

ನೀವು ಆರಿಸಿಕೊಂಡ ತಿಂಗಳು ಚೆನ್ನಾಗಿದೆ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಆಗ ಕಡಲಿಗೆ ಇಳಿಯುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೂ ನಿಷೇಧ. ಡಿಸೆಂಬರಿನಲ್ಲಿ ಮಳೆ ಇಲ್ಲ, ಕಡಲು ತಣ್ಣಗಿರುತ್ತದೆ, ಬೋಟುಗಳು ದಿನವೂ ಹೋಗಿ ಬರುತ್ತವೆ, ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ, ಗದ್ದೆಗಳಲ್ಲಿ ಕಂಬಳ ನಡೆಯುತ್ತಿರುತ್ತದೆ. ಕ್ರಿಸ್‌ಮಸ್ ಹತ್ತಿರ ಬಂದಿರುವುದರಿಂದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ತಿಂಡಿಗಳ ಪರಿಮಳ ಶುರುವಾಗಿರುತ್ತದೆ. ಹಾಗೆಂದು ಚಳಿ ಇರುತ್ತದೆಂದು ಸ್ವೆಟರ್ ತುಂಬಿಕೊಂಡು ಬರಬೇಡಿ. ನಮ್ಮ ಸೆಕೆ ಡಿಸೆಂಬರಿನಲ್ಲೂ ಬಿಡುವುದಿಲ್ಲ. ಹತ್ತಿಯ ಸಡಿಲ ಬಟ್ಟೆ, ಒಂದು ಟೊಪ್ಪಿ, ಮರಳಿಗೆ ಆಗುವ ಚಪ್ಪಲಿ ಇದ್ದರೆ ಸಾಕು.

ಬರುವುದು ಹೇಗೆ ಎಂದು ಕೇಳಿದ್ದೆಯಲ್ಲ? ಬೆಂಗಳೂರಿನಿಂದ ಇಲ್ಲಿಗೆ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸಿನಲ್ಲಿ ಮಲಗಿ ಬರುವುದು ಸುಲಭ. ಆದರೆ ನೀವು ಬರುವಾಗಲಾದರೂ ಹಗಲು ರೈಲಿನಲ್ಲಿ ಬನ್ನಿ. ಅದು ವಾರದ ಕೆಲವು ದಿನ ಮಾತ್ರ ಓಡುತ್ತದೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಟಿಕೆಟು ಮಾಡುವ ಮೊದಲು ಸರಿಯಾಗಿ ನೋಡಿಕೊ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು ಸಿಗುತ್ತವೆ. ಸುರಂಗದ ಕತ್ತಲು ಮುಗಿಯುತ್ತಲೇ ಕಾಡು, ಕಾಡು ಮುಗಿಯುವ ಮೊದಲೇ ಕಣಿವೆ, ಅದರ ಮೇಲೊಂದು ಸೇತುವೆ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯನ್ನು 2021ರಲ್ಲಿ ಈ ಮಾರ್ಗಕ್ಕೆ ಜೋಡಿಸಿದರು. ಅದರಲ್ಲಿ ಸೀಟು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಕಿಟಕಿ ಪಕ್ಕದ ಸಾಮಾನ್ಯ ಸೀಟೂ ಸಾಕು. ಈ ಮಾರ್ಗ ಮೊದಲು ತೆರೆದದ್ದು 1979ರಲ್ಲಿ, ಮೀಟರ್‌ಗೇಜಾಗಿ. ಬ್ರಾಡ್‌ಗೇಜಾದ ಮೇಲೆ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹಳಿ ಬದಲಿಸುವ ಕೆಲಸ ನಡೆದಷ್ಟೂ ವರ್ಷ ನಮಗೂ ನಿಮಗೂ ನಡುವೆ ಬಸ್ಸೇ ಗತಿಯಾಗಿತ್ತು. ಘಾಟಿ ಇಳಿದು ಬರುವುದನ್ನು ಕಣ್ಣಾರೆ ಕಂಡವರಿಗೆ ಕರಾವಳಿ ಯಾಕೆ ಹೀಗಿದೆ ಎನ್ನುವುದು ತಾನಾಗಿ ಅರ್ಥವಾಗುತ್ತದೆ. ಬೆಟ್ಟದಿಂದ ಕಡಲಿಗೆ ಇರುವ ನೆಲ ಬಲು ಕಿರಿದು. ನಮ್ಮ ನದಿಗಳೆಲ್ಲ ಅಷ್ಟರಲ್ಲೇ ಹುಟ್ಟಿ ಅಷ್ಟರಲ್ಲೇ ಕಡಲು ಸೇರಬೇಕು.

ಗುರುವಾರ ಸಂಜೆ ಇಲ್ಲಿ ಇಳಿಯಿರಿ. ಎರಡು ರಾತ್ರಿ ಮಂಗಳೂರು, ಶನಿವಾರ ರಾತ್ರಿ ಉಡುಪಿ ಅಥವಾ ಮಲ್ಪೆ, ಭಾನುವಾರ ರಾತ್ರಿ ಉಡುಪಿಯಿಂದಲೇ ಬೆಂಗಳೂರಿಗೆ ವಾಪಸು. ಹೀಗೆ ಮಾಡಿದರೆ ಬಂದ ದಾರಿಯಲ್ಲೇ ಮತ್ತೆ ಹೋಗುವ ಕೆಲಸವಿಲ್ಲ. ಮಂಗಳೂರಿನ ಎರಡು ರಾತ್ರಿಗೆ ನಮ್ಮ ಮನೆ ಉಂಟು, ಮಹಡಿಯ ಕೋಣೆ ಖಾಲಿ ಇದೆ. ಗೆಳತಿಯರಿಗೆ ಸಂಕೋಚವಾದರೆ ಹಂಪನಕಟ್ಟೆಯ ಸುತ್ತ ಬೇಕಾದಷ್ಟು ಹೋಟೆಲುಗಳಿವೆ, ನನಗೇನೂ ಬೇಸರವಿಲ್ಲ. ಒಂದು ಹೊತ್ತಿನ ಊಟಕ್ಕೆ ಮಾತ್ರ ಮನೆಗೆ ಬರಲೇಬೇಕು. ಮಲ್ಪೆಯಲ್ಲಿ ಶನಿವಾರದ ಕೋಣೆ ಈಗಲೇ ಕಾದಿರಿಸಿ. ಡಿಸೆಂಬರಿನ ವಾರದ ಕೊನೆಯಲ್ಲಿ ಅಲ್ಲಿ ನೂಕುನುಗ್ಗಲು.

ಈಗ ಶುಕ್ರವಾರ. ಬೆಳಿಗ್ಗೆ ಆರಕ್ಕೆಲ್ಲ ನಿಮ್ಮನ್ನು ಎಬ್ಬಿಸಿ ಧಕ್ಕೆಗೆ ಕರೆದುಕೊಂಡು ಹೋಗುವವನು ನಾನೇ. ಬಂದರಿನ ಆ ಮೀನಿನ ಕಟ್ಟೆಯನ್ನು ನೋಡದೆ ಮಂಗಳೂರು ನೋಡಿದೆ ಎಂದರೆ ನಾನು ಒಪ್ಪುವುದಿಲ್ಲ. ಬೋಟುಗಳು ಒಂದರ ಮೈಗೊಂದು ತಾಗಿ ನಿಂತಿರುತ್ತವೆ. ಒಳಗಿನಿಂದ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಬೂತಾಯಿ, ಬಂಗುಡೆ ರಾಶಿ ಬೀಳುತ್ತವೆ. ಅಂಜಲ್, ಮಾಂಜಿ, ಕಾಣೆಗಳನ್ನು ಬೇರೆ ಇಡುತ್ತಾರೆ. ಏಲಂ ಕೂಗುವವನ ಸುತ್ತ ಹತ್ತಿಪ್ಪತ್ತು ಜನ ಮುತ್ತಿರುತ್ತಾರೆ. ಅವನು ಬೆಲೆ ಏರಿಸುವ ವೇಗ ಎಷ್ಟೆಂದರೆ ಹೊಸಬರ ಕಿವಿಗೆ ಲೆಕ್ಕ ಸಿಗುವುದೇ ಇಲ್ಲ. ಯಾರೋ ಒಬ್ಬರು ಗದ್ದ ಅಲ್ಲಾಡಿಸಿರುತ್ತಾರೆ, ಬುಟ್ಟಿ ಆಗಲೇ ಅವರದ್ದಾಗಿರುತ್ತದೆ. ಕೊಂಡವರಲ್ಲಿ ಅರ್ಧಕ್ಕರ್ಧ ಹೆಂಗಸರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಪುಡಿ ಮಾಡಿದ ಐಸನ್ನು ಮೀನಿನ ಮೇಲೆ ಹರಡಿ, ರಿಕ್ಷಾ ಹಿಡಿದು ಊರಿನ ಮಾರುಕಟ್ಟೆಗಳಿಗೆ ಹೊರಟುಬಿಡುತ್ತಾರೆ. ಈ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಓದಿ ಮುಂದೆ ಬಂದದ್ದು ಇವರ ಬುಟ್ಟಿಯ ದುಡಿಮೆಯಿಂದ. ಅವರನ್ನು ಕೇಳದೆ ಫೋಟೋ ತೆಗೆಯಬೇಡಿ. ಅವಸರದ ಹೊತ್ತಿನಲ್ಲಿ ದಾರಿಗಡ್ಡ ನಿಲ್ಲಬೇಡಿ. ಬದಿಗೆ ನಿಂತು ನೋಡಿ, ಕೇಳಿದ್ದಕ್ಕೆ ನಗುತ್ತಾ ಉತ್ತರ ಕೊಡುತ್ತಾರೆ. ತಾಜಾ ಮೀನನ್ನು ಗುರುತಿಸುವುದನ್ನೂ ಅಲ್ಲೇ ಕಲಿಸುತ್ತೇನೆ: ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಎತ್ತಿ ನೋಡಿದರೆ ಒಳಗೆ ಕೆಂಪಿರಬೇಕು, ಬೆರಳಿನಲ್ಲಿ ಒತ್ತಿದರೆ ಮಾಂಸ ಹಿಂದಕ್ಕೆ ಪುಟಿಯಬೇಕು.

ಧಕ್ಕೆಯಿಂದ ಬಂದು ಸ್ನಾನ ಮಾಡಿ, ಬನ್ಸ್ ಅಥವಾ ನೀರುದೋಸೆ ತಿಂದು, ಬಿಸಿಲೇರುವ ಹೊತ್ತಿಗೆ ನೆರಳಿರುವ ಜಾಗಗಳಿಗೆ ಹೋಗಬೇಕು. ಮೊದಲು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಜೆಸ್ವಿಟ್ ಕಲಾವಿದ ಆಂಟೋನಿಯೋ ಮೊಸ್ಕೇನಿ 1899ರಲ್ಲಿ ಕುಂಚ ಹಿಡಿದು ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ ಆಯಿತು. ಬೆಂಚಿನ ಮೇಲೆ ಕೂತು ತಲೆ ಎತ್ತಿ ನಿಧಾನವಾಗಿ ನೋಡಿ. ಆಮೇಲೆ ನಮ್ಮ ಮನೆ ಹತ್ತಿರದ ಕದ್ರಿ ಮಂಜುನಾಥ ದೇವಸ್ಥಾನ. ಅಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಉಂಟು. ಮೂರು ಮುಖ, ಆರು ಕೈ. ಪೀಠದ ಶಾಸನದ ಪ್ರಕಾರ ಅದನ್ನು ಪ್ರತಿಷ್ಠಾಪಿಸಿದವನು ಆಳುಪ ದೊರೆ ಕುಂದವರ್ಮ, ಕ್ರಿ.ಶ. 968ರಲ್ಲಿ, ಆಗ ಇಲ್ಲಿದ್ದ ಕದರಿಕಾ ವಿಹಾರದಲ್ಲಿ. ಬೌದ್ಧರು, ನಾಥಪಂಥದವರು, ಶೈವರು ಎಲ್ಲರೂ ಈ ಗುಡ್ಡದ ಮೇಲೆ ಕೈಮುಗಿದು ಹೋಗಿದ್ದಾರೆ. ಸಾವಿರ ವರ್ಷ ದಾಟಿದ ಆ ಕಂಚಿನ ಬೆರಳುಗಳ ನಯ ಹಾಗೇ ಉಳಿದಿದೆ. ಹತ್ತಿರ ನಿಂತು ನೋಡು.

ದಾರಿಯಲ್ಲಿ ಹಳೆಯ ಕಟ್ಟಡಗಳ ಮಾಡಿನ ಕಡೆಗೂ ಕಣ್ಣು ಹಾಯಿಸಿ. ಆ ಕೆಂಪು ಹೆಂಚುಗಳ ಹಿಂದೆ ದೊಡ್ಡ ಕಥೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನೇತ್ರಾವತಿ, ಗುರುಪುರ ನದಿಗಳ ದಡದ ಆವೆಮಣ್ಣನ್ನು ನೋಡಿ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಂದೆ ಮಂಗಳೂರು ಹೆಂಚು ಹಡಗು ಹತ್ತಿ ದೇಶ ವಿದೇಶಗಳ ಮನೆಗಳ ಮೇಲೆ ಕೂತಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ್ದು ಈ ಊರಿನಿಂದಲೇ. ಕಿಟ್ಟೆಲ್ ಅವರ ದೊಡ್ಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಕನ್ನಡ ಓದುವ ಹುಡುಗಿ ನೀನು, ಈ ಊರಿನ ಋಣ ನಿನ್ನ ಮೇಲೂ ಉಂಟು.

ಮಧ್ಯಾಹ್ನ ಮನೆಯಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಮೀನು ತಿನ್ನದವರಿಗೆ ಹರಿವೆ ಸೊಪ್ಪಿನ ಪದಾರ್ಥ, ಸೌತೆಕಾಯಿ ಹುಳಿ. ಪತ್ರೊಡೆ ಬೇಕೆಂದು ಬರೆದಿದ್ದೀಯ. ಅದು ಮಳೆಗಾಲದ ತಿಂಡಿ ಮಗಳೇ. ಎಳೆಯ ಕೆಸುವಿನ ಎಲೆ ಆಟಿ ತಿಂಗಳಿನಲ್ಲಿ ಸಿಗುವಷ್ಟು ಚೆನ್ನಾಗಿ ಡಿಸೆಂಬರಿನಲ್ಲಿ ಸಿಗುವುದಿಲ್ಲ. ಅದಕ್ಕೆ ಬದಲಾಗಿ ದೊಡ್ಡಮ್ಮ ಕೋರಿರೊಟ್ಟಿ ಮಾಡುತ್ತಾಳಂತೆ. ಒಣಗಿದ ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಸುರಿದು ಅದು ನೆನೆಯುವ ಮೊದಲೇ ತಿನ್ನಬೇಕು. ಊಟವಾದ ಮೇಲೆ ಒಂದೆರಡು ತಾಸು ಎಲ್ಲಿಗೂ ಹೊರಡುವುದಿಲ್ಲ. ಇದನ್ನು ನಿಮ್ಮ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊ. ಹನ್ನೆರಡರಿಂದ ಮೂರರವರೆಗೆ ಊರಿನವರೇ ಬಿಸಿಲಿಗೆ ಹೊರಬೀಳುವುದಿಲ್ಲ. ಆ ಹೊತ್ತಿನಲ್ಲಿ ಬೀಚಿನ ಮರಳ ಮೇಲೆ ನಿಂತವರಿಗೆ ತಲೆನೋವು ಬಿಟ್ಟರೆ ಇನ್ನೇನೂ ಸಿಗುವುದಿಲ್ಲ. ಮಲಗಿ, ಹರಟೆ ಹೊಡೆಯಿರಿ, ಅಂಗಳದ ಮಾವಿನ ಮರದ ಕೆಳಗೆ ಕೂರಿ. ಬಿಡುವಿಗೆಂದು ಬಂದವರು ನೀವು, ಬಿಡುವು ತೆಗೆದುಕೊಳ್ಳಲೇಬೇಕು.

ನಾಲ್ಕು ಗಂಟೆಗೆ ಸುಲ್ತಾನ್ ಬತ್ತೇರಿ. ಗುರುಪುರ ನದಿಯ ಮೂಲಕ ಶತ್ರುಗಳ ಹಡಗು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು ಅದು. ಮೆಟ್ಟಿಲು ಹತ್ತಿ ತೂತಿನಂಥ ಕಿಂಡಿಗಳಿಂದ ನದಿಯನ್ನು ನೋಡಿದರೆ ಆ ಜಾಗವನ್ನೇ ಯಾಕೆ ಆರಿಸಿದರೆಂದು ತಿಳಿಯುತ್ತದೆ. ಪಕ್ಕದ ಕಡವಿನಿಂದ ಆಚೆ ದಡ ತಣ್ಣೀರುಬಾವಿ. ದೋಣಿಯಲ್ಲಿ ಕೆಲವೇ ನಿಮಿಷ. ನೇತ್ರಾವತಿಯೂ ಗುರುಪುರ ನದಿಯೂ ಸೇರಿ ಕಡಲಿಗೆ ಬೀಳುವ ಅಳಿವೆಬಾಗಿಲಿನ ಕಡೆಗೆ ಚಾಚಿಕೊಂಡ ಮರಳ ದಿಬ್ಬ ಅದು. ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಕಡಲು. ಗಾಳಿಮರಗಳ ನಡುವೆ ನಡೆದರೆ ತೀರ ಬಂದೇಬಿಡುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೇ ಮುಳುಗುತ್ತಾನೆ. ಬೆಂಗಳೂರಿನ ಲೆಕ್ಕದಲ್ಲಿ ಆರೂವರೆಗೆ ಹೊರಟರೆ ಏನೂ ಸಿಗುವುದಿಲ್ಲ. ಐದಕ್ಕೆ ಅಲ್ಲಿರಬೇಕು. ವಾಪಸಿನ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಕಡಲ ಭರತ ಇಳಿತವನ್ನೂ ಒಮ್ಮೆ ನೋಡಿಕೊಂಡು ಹೋಗಬೇಕು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಆರಕ್ಕೆ ಭರತವಾದರೆ ನಾಳೆ ಏಳಕ್ಕೆ ಹತ್ತು ನಿಮಿಷ ಇರುವಾಗ. ಇಳಿತದ ಹೊತ್ತಿಗೆ ಒದ್ದೆ ಮರಳು ಅಗಲವಾಗಿ ತೆರೆದುಕೊಂಡಿರುತ್ತದೆ, ಮೈಲಿಗಟ್ಟಲೆ ನಡೆಯಬಹುದು. ಭರತದ ಹೊತ್ತಿಗೆ ಅದೇ ತೀರ ಕಿರಿದಾಗಿರುತ್ತದೆ. ಮೊಬೈಲಿನಲ್ಲಿ ನೋಡಿದರೂ ಸಿಗುತ್ತದೆ, ದೋಣಿಯವರನ್ನು ಕೇಳಿದರೂ ಹೇಳುತ್ತಾರೆ.

ಶುಕ್ರವಾರ ರಾತ್ರಿ ಹತ್ತಿರದಲ್ಲಿ ಎಲ್ಲಾದರೂ ಆಟ ಇದ್ದರೆ ಹೋಗೋಣ. ಎಲ್ಲಿ, ಯಾವ ಮೇಳ, ಯಾವ ಪ್ರಸಂಗ ಎಂದು ಇಲ್ಲಿನ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಕಟೀಲಿನ ಮೇಳಗಳು ಆಡುವುದು ಹರಕೆಯ ಆಟ. ಯಾರದೋ ಮನೆಯವರು ದೇವಿಗೆ ಹೇಳಿಕೊಂಡು ವರ್ಷಗಟ್ಟಲೆ ಕಾದು ಆಡಿಸುತ್ತಾರೆ. ಟಿಕೆಟಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಸ್ವಲ್ಪ ಬೇಗ ಹೋದರೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದನ್ನು ದೂರದಿಂದ ನೋಡಬಹುದು. ಚೆಂಡೆ ಮೊದಲ ಪೆಟ್ಟು ಕೊಟ್ಟಾಗ ನಿನ್ನ ಗೆಳತಿಯರ ಮುಖ ನೋಡಬೇಕೆಂದು ನನಗೆ ಆಸೆ. ಭಾಷೆ ಪೂರಾ ತಿಳಿಯಲಿಲ್ಲವೆಂದು ಹೆದರಬೇಡಿ, ಕಥೆಯನ್ನು ನಾನು ಹೇಳಿಕೊಡುತ್ತೇನೆ. ದಾರಿಯಲ್ಲಿ ಎಲ್ಲಿಯಾದರೂ ದೈವಗಳ ಕೋಲ, ನೇಮ ಕಂಡರೆ ಅದು ಬೇರೆಯೇ ವಿಷಯ. ಆಟದಂತೆ ನೋಡುವ ಪ್ರದರ್ಶನವಲ್ಲ, ಆ ಮನೆತನದ, ಆ ಊರಿನ ಆರಾಧನೆ. ಮನೆಯವರನ್ನು ಕೇಳಿ, ಚಪ್ಪಲಿ ಬಿಟ್ಟು, ಹಿಂದೆ ನಿಂತು ಕೈಮುಗಿಯಿರಿ. ಮೊಬೈಲು ಚೀಲದಲ್ಲಿರಲಿ.

ಶನಿವಾರ ಒಂದು ಕಾರು ಮಾತಾಡಿಟ್ಟಿರುತ್ತೇನೆ. ಸಾಮಾನನ್ನೆಲ್ಲ ಹಾಕಿಕೊಂಡು ಎಂಟಕ್ಕೆ ಹೊರಟರೆ ಮೂಡುಬಿದಿರೆ 35 ಕಿಲೋಮೀಟರ್. ಕಡಲಿನಿಂದ ಸ್ವಲ್ಪ ಒಳಕ್ಕೆ ಹೋಗುವುದು ಯಾಕೆಂದರೆ ಈ ಕರಾವಳಿಯ ಸಂಪತ್ತು ಕಲ್ಲಾಗಿ ಮರವಾಗಿ ನಿಂತಿರುವುದು ಅಲ್ಲಿ. ಕಾಳುಮೆಣಸಿನ ವ್ಯಾಪಾರದಲ್ಲಿ ಬೆಳೆದ ಜೈನ ವರ್ತಕರೂ ಅರಸರೂ ಬಸದಿಗಳನ್ನು ಕಟ್ಟಿದರು. ಸಾವಿರ ಕಂಬದ ಬಸದಿ 1430ರದ್ದು. ಕಂಬ ಎಣಿಸುತ್ತಾ ಹೊತ್ತು ಕಳೆಯಬೇಡಿ, ಒಂದೊಂದರ ಕೆತ್ತನೆ ನೋಡಿ, ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಆಮೇಲೆ ಹೊರಗೆ ಬಂದು ಮೇಲಿನ ಅಂತಸ್ತುಗಳ ಇಳಿಜಾರು ಮಾಡನ್ನು ನೋಡಿ. ಘಟ್ಟದ ಮೇಲಿನ ಬೇಲೂರು ಹಳೇಬೀಡಿನಲ್ಲಿ ಇಂಥ ಮಾಡಿಲ್ಲ. ನಮ್ಮ ಮಳೆ ಬಿದ್ದಂತೆ ಇಳಿದುಹೋಗಬೇಕಲ್ಲ, ಅದಕ್ಕೆ ಇಲ್ಲಿನ ಶಿಲ್ಪಿಗಳು ಕಲ್ಲಿನ ಮಂದಿರಕ್ಕೂ ಮನೆಯ ಮಾಡನ್ನೇ ಕೊಟ್ಟರು. ಗುರುಬಸದಿಯಲ್ಲಿ ಜೈನರ ಧವಲ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದರಿಂದಲೇ ಅವು ನಮ್ಮ ಕಾಲಕ್ಕೆ ಉಳಿದು ಬಂದವು.

ಅಲ್ಲೇ ಚೌಟರ ಅರಮನೆ ಉಂಟು. ಉಳ್ಳಾಲದ ರಾಣಿ ಅಬ್ಬಕ್ಕ, 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದವಳು, ಇದೇ ಚೌಟ ವಂಶದವಳು. ಅರಮನೆಯ ಮರದ ಕಂಬದಲ್ಲಿ ನವನಾರಿ ಕುಂಜರ ಎಂಬ ಕೆತ್ತನೆ ಇದೆ. ದೂರದಿಂದ ನೋಡಿದರೆ ಆನೆ. ಹತ್ತಿರ ಹೋದರೆ ಒಂಬತ್ತು ಹೆಂಗಸರು ಒಬ್ಬರ ಮೈಗೊಬ್ಬರು ಬಳುಕಿ ಸೇರಿ ಆನೆಯ ಸೊಂಡಿಲು, ಕಾಲು, ಬೆನ್ನು ಎಲ್ಲವೂ ಆಗಿದ್ದಾರೆ. ಇನ್ನೊಂದರಲ್ಲಿ ಐವರು ಹೆಂಗಸರು ಸೇರಿ ಕುದುರೆ. ಅದು ವಂಶದವರು ಇಂದಿಗೂ ಇರುವ ಮನೆ. ಬಾಗಿಲಲ್ಲಿ ಕೇಳಿ ಒಳಗೆ ಹೋಗಬೇಕು, ಗಲಾಟೆ ಮಾಡಬಾರದು.

ಮೂಡುಬಿದಿರೆಯಿಂದ ಕಾರ್ಕಳ ಹತ್ತಿರ. ಬಂಡೆಯ ಮೇಲೆ 42 ಅಡಿಯ ಗೊಮ್ಮಟ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಎದುರಿಗೆ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಬಂಡೆ ಕಾಯುವ ಮೊದಲೇ ಗೊಮ್ಮಟನ ಹತ್ತಿರ ಹೋಗಿ ಬನ್ನಿ, ಆಮೇಲೆ ಬಸದಿಯ ಕಲ್ಲುಕಟ್ಟೆಯ ತಂಪಿನಲ್ಲಿ ಕೂರಿ. ಮಧ್ಯಾಹ್ನದ ಊಟ ಕಾರ್ಕಳದಲ್ಲೇ ಮುಗಿಸಿ, ಬಿಸಿಲು ಇಳಿಯುವ ಹೊತ್ತಿಗೆ ಉಡುಪಿ ಸೇರಿ. ಕೋಣೆಯಲ್ಲಿ ಸ್ವಲ್ಪ ಮಲಗಿ ಎದ್ದು ರಥಬೀದಿಗೆ ಹೋಗಿ. ಕೃಷ್ಣಮಠದ ಸುತ್ತ ಅಷ್ಟಮಠಗಳು, ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು ಎಲ್ಲವೂ ಒಂದೇ ಬೀದಿಯಲ್ಲಿವೆ. ಕನಕನ ಕಿಂಡಿಯ ಮುಂದೆ ನಿಂತು ಒಂದು ಗಳಿಗೆ ಕನಕದಾಸರನ್ನು ನೆನೆಯಿರಿ. ಎರಡು ವರ್ಷಕ್ಕೊಮ್ಮೆ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ವಿಷಯವನ್ನು ಅಲ್ಲಿನ ಯಾವ ಅಂಗಡಿಯವರನ್ನು ಕೇಳಿದರೂ ಚೆನ್ನಾಗಿ ವಿವರಿಸುತ್ತಾರೆ. ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಂ ಬೇಕೆಂದವರಿಗೆ ಉಡುಪಿಯಷ್ಟು ಒಳ್ಳೆಯ ಊರು ಇನ್ನೊಂದಿಲ್ಲ.

ಭಾನುವಾರ ಬೆಳಿಗ್ಗೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಮೊದಲ ಬೋಟು ಎಷ್ಟು ಹೊತ್ತಿಗೆಂದು ಶನಿವಾರವೇ ವಿಚಾರಿಸಿ ಅದರಲ್ಲೇ ಹೋಗಿ. ಇದಕ್ಕೆ ಕಾರಣ ಉಂಟು. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ತೀರದ ನೀರು ಸಪಾಟಾಗಿರುತ್ತದೆ. ಮಧ್ಯಾಹ್ನ ದಾಟಿದರೆ ನೆಲ ಕಾದು ಗಾಳಿ ಕಡಲಿನಿಂದ ತಿರುಗಿ ಬೀಸುತ್ತದೆ, ಬೋಟು ಕುಲುಕುತ್ತದೆ, ಜನವೂ ಜಾಸ್ತಿ. ದ್ವೀಪದ ಬಂಡೆಗಳನ್ನು ನೋಡಿದರೆ ಯಾರೋ ಉಳಿ ಹಿಡಿದು ಕಡೆದು ನಿಲ್ಲಿಸಿದ ಕಂಬಗಳೆನಿಸುತ್ತದೆ. ಅದು ಲಾವಾ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ನಮ್ಮ ಭೂಖಂಡದಿಂದ ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿ ಬಂದದ್ದು. ಆರುತ್ತಾ ಕುಗ್ಗಿದಾಗ ಮೇಲಿನಿಂದ ಕೆಳಕ್ಕೆ ಬಿರುಕು ಬಿಟ್ಟು ಐದು, ಆರು, ಏಳು ಮುಖದ ಕಂಬಗಳಾಗಿ ಒಡೆಯಿತು. ಬೆರಳಿನಿಂದ ಒಂದು ಕಂಬದ ಅಂಚನ್ನು ಮುಟ್ಟಿ ಮುಖಗಳನ್ನು ಎಣಿಸಿ ನೋಡಿ. ಕೇಂದ್ರ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂಬ ಐತಿಹ್ಯವೂ ಇದೆ. ಅಲ್ಲಿ ರಾತ್ರಿ ಉಳಿಯುವಂತಿಲ್ಲ. ನೀರು, ಟೊಪ್ಪಿ ಒಯ್ಯಿರಿ, ಒಯ್ದ ಬಾಟಲಿಯನ್ನು ಮರಳಿ ತನ್ನಿ. ದ್ವೀಪದ ಮೇಲಿನ ಮರಳು ಬಹುಪಾಲು ಚಿಪ್ಪಿನ ಚೂರು, ಬರಿಗಾಲಿಗೆ ಚುಚ್ಚುತ್ತದೆ.

ಹನ್ನೊಂದು ಹನ್ನೆರಡಕ್ಕೆ ತಿರುಗಿ ಬಂದು, ಊಟ ಮುಗಿಸಿ, ಮತ್ತೆ ನೆರಳು. ಸಂಜೆ ಕಾಪು ದೀಪಸ್ತಂಭ. 1901ರಿಂದ ಬಂಡೆಯ ಮೇಲೆ ನಿಂತಿದೆ. ಸಂಜೆ ಸ್ವಲ್ಪ ಹೊತ್ತು ಮೇಲಕ್ಕೆ ಬಿಡುತ್ತಾರೆ. ಅಲ್ಲಿಂದ ಕಾಣುವ ತೆಂಗಿನ ತೋಟ, ಮರಳು, ಕಡಲು ಮೂರೂ ಒಂದರ ಪಕ್ಕ ಒಂದು ಹರಡಿಕೊಂಡಿರುತ್ತವೆ. ನಿಮ್ಮಲ್ಲಿ ಯಾರಿಗಾದರೂ ಸರ್ಫಿಂಗ್ ಕಲಿಯುವ ಆಸೆ ಇದ್ದರೆ ದ್ವೀಪದ ಬದಲು ಮೂಲ್ಕಿ, ಸಸಿಹಿತ್ಲುಗಳ ಕಡೆ ಬೆಳಿಗ್ಗೆ ಕಳೆಯಬಹುದು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲಿನಲ್ಲೇ ನಡೆದಿತ್ತು. ಚಳಿಗಾಲದ ಸಣ್ಣ ಅಲೆ ಕಲಿಯುವವರಿಗೆ ಒಳ್ಳೆಯದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಎರಡನ್ನೂ ತುರುಕಬೇಡಿ.

ಇನ್ನು ಮನಸ್ಸಿಟ್ಟು ಕೇಳಬೇಕಾದ ಮಾತು. ಪ್ರತಿವರ್ಷ ಘಟ್ಟದ ಮೇಲಿನಿಂದ ಖುಷಿಯಾಗಿ ಬಂದ ನಿಮ್ಮ ವಯಸ್ಸಿನ ಮಕ್ಕಳು ಕಡಲಿನಲ್ಲಿ ಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತೇನೆ. ಓದಿದ ದಿನವೆಲ್ಲ ಊಟ ಸೇರುವುದಿಲ್ಲ. ಅವರಲ್ಲಿ ಈಜು ಬಂದವರೂ ಇರುತ್ತಾರೆ. ಅಲೆಗಳು ದಡಕ್ಕೆ ತಳ್ಳಿದ ನೀರು ಎಲ್ಲಿಂದಾದರೂ ಹಿಂದೆ ಹೋಗಲೇಬೇಕು. ಅದು ಕಿರಿದಾದ ದಾರಿ ಮಾಡಿಕೊಂಡು ರಭಸದಿಂದ ಕಡಲಿಗೆ ಮರಳುತ್ತದೆ. ಎಡಬಲದಲ್ಲಿ ಅಲೆ ಒಡೆದು ನೊರೆ ಎದ್ದಿರುವಾಗ ನಡುವೆ ಒಂದು ಕಡೆ ಮಾತ್ರ ಅಲೆಯಿಲ್ಲದೆ ಸುಮ್ಮನಿದ್ದಂತೆ, ನೀರು ಕೊಂಚ ಕೆಸರಾಗಿ ಕಂಡರೆ, ಸೆಳೆತ ಇರುವುದೇ ಅಲ್ಲಿ. ಹೊಸಬರು ಶಾಂತವಾಗಿದೆ ಎಂದು ಅಲ್ಲೇ ಇಳಿಯುತ್ತಾರೆ. ಯಾವತ್ತಾದರೂ ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಲು ಹೋಗಿ ಸುಸ್ತಾಗಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ. ಈಜು ಬರದಿದ್ದರೆ ಕೈ ಎತ್ತಿ ಕೂಗಿ, ತೇಲಲು ನೋಡಿ. ಎಲ್ಲಕ್ಕಿಂತ ಮೊದಲು ಜೀವರಕ್ಷಕರು ಇರುವ ಕಡೆ ಮಾತ್ರ, ಮೊಣಕಾಲು ಮುಳುಗುವಷ್ಟಕ್ಕೆ ಮಾತ್ರ ಇಳಿಯಿರಿ. ಅವರು ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ. ಉಳ್ಳಾಲದ ಸೋಮೇಶ್ವರದ ರುದ್ರಪಾದೆಯಂಥ ಬಂಡೆಗಳ ತುದಿಗೂ, ಅಲೆತಡೆಗೆ ಹಾಕಿದ ಕಲ್ಲುಗಳ ಮೇಲಕ್ಕೂ ಫೋಟೋಗೆಂದು ಹೋಗಬೇಡಿ. ಹತ್ತು ಅಲೆ ಕಾಲಕೆಳಗೆ ಬಂದು ಹೋಗುತ್ತವೆ, ಹನ್ನೊಂದನೆಯದು ತಲೆಯ ಮೇಲೆ ಬರುತ್ತದೆ. ಪಾಚಿ ಹಿಡಿದ ಕಲ್ಲಿನಲ್ಲಿ ಕಾಲು ನಿಲ್ಲುವುದಿಲ್ಲ.

ನೀನು ಕೇಳಿದ ಮುರುಡೇಶ್ವರ, ಗೋಕರ್ಣಗಳನ್ನು ಕೈಬಿಟ್ಟೆನೆಂದು ಬೇಜಾರಾಗಬೇಡ. ಅವುಗಳಿಗೆ ಕುಂದಾಪುರದಿಂದ ಶುರುಮಾಡಿ ಬೇರೆಯೇ ಮೂರು ದಿನ ಇಟ್ಟುಕೊ. ಆಗ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ ಇರುವ ಮರವಂತೆಯ ಹೆದ್ದಾರಿಯಲ್ಲೂ ನಿಧಾನವಾಗಿ ಹೋಗಬಹುದು. ಆಗುಂಬೆಗೆ ಮಳೆಗಾಲವೇ ಸರಿ. ಒಂದು ಪ್ರದೇಶವನ್ನು ಹೀಗೆ ತುಂಡು ತುಂಡಾಗಿ, ಬೇರೆ ಬೇರೆ ಋತುವಿನಲ್ಲಿ ನೋಡಿದವರಿಗೆ ಅದು ಸ್ವಂತ ಊರಾಗುತ್ತದೆ. ನಿನ್ನ ಅಪ್ಪ ಕೆಲಸಕ್ಕೆಂದು ಘಟ್ಟ ಹತ್ತಿದ ಮೇಲೆ ನಮ್ಮ ಮನೆಯ ಮಕ್ಕಳಿಗೆ ಈ ಊರು ರಜೆಯ ಊರಾಗಿ ಉಳಿಯಿತು. ಅದು ನಿನ್ನ ಊರೂ ಹೌದು ಎಂದು ನಿನಗೆ ಅನಿಸಬೇಕು ಎಂಬುದು ನನ್ನ ಆಸೆ. ಇಷ್ಟುದ್ದದ ಕಾಗದ ಬರೆದದ್ದೂ ಅದಕ್ಕೇ.

ಈಗ ನಿನ್ನಿಂದ ಆಗಬೇಕಾದ ಕೆಲಸ ನಾಲ್ಕು. ರೈಲಿನ ಟಿಕೆಟು ಮಾಡಿಸು. ಮಲ್ಪೆಯ ಕೋಣೆ ಕಾದಿರಿಸು. ಗೆಳತಿಯರಲ್ಲಿ ಮೀನು, ಕೋಳಿ ತಿನ್ನದವರು ಯಾರೆಂದು ದೊಡ್ಡಮ್ಮನಿಗೆ ತಿಳಿಸು. ಸೆಳೆತದ ಬಗ್ಗೆ ಬರೆದ ಭಾಗವನ್ನು ನಾಲ್ವರೂ ಎರಡು ಸಲ ಓದಿ. ಮಿಕ್ಕಿದ್ದನ್ನು ಮರೆತರೂ ಚಿಂತೆಯಿಲ್ಲ, ನಾನಿದ್ದೇನೆ. ಅದೊಂದನ್ನು ಮಾತ್ರ ಮರೆಯಬೇಡಿ.

ಅಪ್ಪ ಅಮ್ಮನಿಗೆ ನಮ್ಮ ನೆನಪು ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ